ಸ್ಟೇರಿಂಗ್ ಹಿಡಿಯುವವರಿಲ್ಲದ ಟ್ಯಾಕ್ಸಿ: ಗಲ್ಫ್ ಚಾಲಕರ ಮುಂದಿರುವ ಎರಡು ಪ್ರಶ್ನೆ

ದುಬೈ: ಹಿಂದಿನ ಸೀಟಿನಲ್ಲಿ ಕೂತವರು ಮೊಬೈಲಲ್ಲಿ ತೆಗೆದ ವಿಡಿಯೋ. ಡ್ರೈವರ್ ಸೀಟು ಖಾಲಿ. ಸ್ಟೇರಿಂಗ್ ತಾನಾಗಿಯೇ ತಿರುಗುತ್ತದೆ, ಸಿಗ್ನಲ್ ಕೆಂಪಾದಾಗ ಕಾರು ತಾನಾಗಿಯೇ ನಿಲ್ಲುತ್ತದೆ. ಇಂಥ ವಿಡಿಯೋ ವಾಟ್ಸ್‌ಆಪ್‌ನಲ್ಲಿ ಬಂದರೆ ಊರಲ್ಲಿರುವವರು ಕೇಳುವುದು, "ಅದರಲ್ಲಿ ಕೂತ್ಕೊಳ್ಳಲಿಕ್ಕೆ ಹೆದರಿಕೆ ಆಗುದಿಲ್ವಾ ಮಾರಾಯ?" ಇಲ್ಲಿ ಟ್ಯಾಕ್ಸಿ ಓಡಿಸುವವರ ಪ್ರಶ್ನೆ ಬೇರೆ: "ನಮ್ಮ ಕೆಲಸ ಇನ್ನೆಷ್ಟು ವರ್ಷ?"

ಅಬುಧಾಬಿಯ ಯಾಸ್ ಐಲ್ಯಾಂಡ್‌ನಲ್ಲಿ ಇಂಥ ಟ್ಯಾಕ್ಸಿ 2021ರ ಕೊನೆಗೇ ಶುರುವಾಗಿತ್ತು. ಆಗ ಸ್ಟೇರಿಂಗ್ ಮುಂದೆ ಒಬ್ಬ ಕಾವಲಿಗೆ ಕೂತಿರುತ್ತಿದ್ದ. 2025ರ ಕೊನೆಗೆ ಅಲ್ಲಿ ಅವನೂ ಇಲ್ಲದ ಸೇವೆ ಬಂತು. ದುಬೈಯ ಆರ್‌ಟಿಎ 2025ರ ಮಾರ್ಚ್‌ನಲ್ಲಿ ಚೀನಾದ ಬೈದು ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದದ ಗುರಿ, 2028ರೊಳಗೆ 1,000 ಕಾರು. ದುಬೈಯಲ್ಲಿ ಈಗ ಓಡುತ್ತಿರುವ ಟ್ಯಾಕ್ಸಿಗಳು 12 ಸಾವಿರಕ್ಕೂ ಹೆಚ್ಚು. ಇನ್ನು 2030ರೊಳಗೆ ನಗರದ ಶೇ. 25ರಷ್ಟು ಪ್ರಯಾಣ ಚಾಲಕರಹಿತ ಆಗಬೇಕು ಎಂದು 2016ರಲ್ಲೇ ಘೋಷಿಸಿದ ಗುರಿಯಿದೆಯಲ್ಲ, ಅದನ್ನು ಕೇಳಿ ಗಾಬರಿ ಬೀಳುವವರು ಒಂದು ವಿಷಯ ಮರೆಯುತ್ತಾರೆ. ಆ ಲೆಕ್ಕದಲ್ಲಿ ಮೆಟ್ರೋ ಕೂಡ ಸೇರಿದೆ. 2009ರ ಸೆಪ್ಟೆಂಬರ್ 9ರಿಂದ ಡ್ರೈವರ್ ಇಲ್ಲದೆ ಓಡುತ್ತಿರುವ ಮೆಟ್ರೋದಲ್ಲಿ ದಿನವೂ ಹೋಗಿಬರುವವರಿಗೆ ಆ ಸಂಗತಿ ನೆನಪಿಗೂ ಬರುವುದಿಲ್ಲ.

ಮೆಟ್ರೋಗೆ ತನ್ನದೇ ಹಳಿಯಿದೆ, ಅಡ್ಡ ಬರುವವರಿಲ್ಲ. ರಸ್ತೆ ಹಾಗಲ್ಲ. ಕಾರಿನ ಮೇಲೆ, ಮೂಲೆಗಳಲ್ಲಿ ಕಾಣುವ ಉಪಕರಣಗಳಲ್ಲಿ ಕ್ಯಾಮೆರಾ, ರೇಡಾರ್ ಮತ್ತು ಲೇಸರ್ ಕಿರಣ ಬಿಟ್ಟು ದೂರ ಅಳೆಯುವ ಲೈಡಾರ್ ಇರುತ್ತವೆ. ಮೊದಲೇ ಸಿದ್ಧಪಡಿಸಿದ ನಕ್ಷೆಯ ಜೊತೆ ಇವುಗಳ ಮಾಹಿತಿಯನ್ನು ಹೊಂದಿಸಿ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ಅದಕ್ಕೆ ನಿದ್ದೆ ಬರುವುದಿಲ್ಲ, ಫೋನ್ ಬರುವುದಿಲ್ಲ. ಹನ್ನೆರಡು ಗಂಟೆ ಡ್ಯೂಟಿ ಮಾಡಿದವನಿಗೆ ಇದರ ಬೆಲೆ ಗೊತ್ತು. ಆದರೆ ಚಳಿಗಾಲದ ಬೆಳಗಿನ ದಟ್ಟ ಮಂಜು, ಮರಳು ಗಾಳಿ ಲೈಡಾರ್‌ಗೂ ಕ್ಯಾಮೆರಾಗೂ ಕಷ್ಟ. ಕಂಡರಿಯದ ಸನ್ನಿವೇಶ ಇನ್ನೂ ಕಷ್ಟ. 2023ರ ಅಕ್ಟೋಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬೇರೊಂದು ಕಾರು ಗುದ್ದಿದ ಮಹಿಳೆ ಕ್ರೂಸ್ ಕಂಪನಿಯ ಚಾಲಕರಹಿತ ಕಾರಿನ ಮುಂದೆ ಬಿದ್ದರು. ಕಾರು ಅವರಿಗೆ ತಾಗಿ ನಿಂತಿತು. ಆಮೇಲೆ ಪಕ್ಕಕ್ಕೆ ಸರಿಯಬೇಕೆಂದುಕೊಂಡು, ಅಡಿಯಲ್ಲಿ ಸಿಕ್ಕಿಕೊಂಡಿದ್ದ ಅವರನ್ನು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ದುಬೈಯಲ್ಲೂ ಟ್ಯಾಕ್ಸಿ ಓಡಿಸಲು ಒಪ್ಪಂದ ಮಾಡಿಕೊಂಡಿದ್ದ ಕಂಪನಿ ಅದು. ಮರುವರ್ಷ ಅದರ ಮಾಲೀಕ ಸಂಸ್ಥೆ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ಯೋಜನೆಯನ್ನೇ ಕೈಬಿಟ್ಟಿತು.

ಇಲ್ಲಿನ ಚಾಲಕರ ನಿಜವಾದ ಭಯ ಆಕ್ಸಿಡೆಂಟಿನದ್ದು. ರಸ್ತೆಯಲ್ಲಿ ಒಬ್ಬರ ಜೀವ ಹೋದರೆ ಯುಎಇಯಲ್ಲಿ ದಿಯಾ, ಅಂದರೆ ಪರಿಹಾರ ಧನ, 2 ಲಕ್ಷ ದಿರ್ಹಮ್. ಸಾಮಾನ್ಯವಾಗಿ ಇನ್ಶೂರೆನ್ಸ್ ಕೊಡುತ್ತದೆ, ಆದರೆ ಕುಡಿದು ಓಡಿಸಿದ್ದರೆ ಅಥವಾ ಲೈಸೆನ್ಸ್ ಇಲ್ಲದಿದ್ದರೆ ಆ ಹಣವನ್ನು ಚಾಲಕನಿಂದಲೇ ವಸೂಲಿ ಮಾಡಬಹುದು. ಕಾರೇ ಕಾರು ಓಡಿಸಿದರೆ ಈ ಹೊರೆ ಯಾರ ತಲೆಗೆ? ದುಬೈಯ 2023ರ 9ನೇ ಕಾನೂನಿನ ಪ್ರಕಾರ ಪರಿಹಾರ ಕೊಡಬೇಕಾದವರು ಕಾರನ್ನು ನಡೆಸುವ ಸಂಸ್ಥೆಯವರು.

ಅಪಾಯ ಇರುವುದು ಅರ್ಧ ಯಂತ್ರ, ಅರ್ಧ ಮನುಷ್ಯ ಎಂಬಂಥ ಗಾಡಿಗಳಲ್ಲಿ. 2018ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಊಬರ್‌ನ ಪರೀಕ್ಷಾ ಕಾರು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿ ಅವರು ಸತ್ತರು. ಕಾವಲಿಗೆ ಕೂತಿದ್ದ ಚಾಲಕಿ ರಸ್ತೆ ನೋಡುವ ಬದಲು ಫೋನ್ ನೋಡುತ್ತಿದ್ದರು. ಕಂಪನಿಯ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ, ಚಾಲಕಿಯ ಮೇಲೆ ಆಯಿತು. ಅರಬಾಬನ ಹೊಸ ಕಾರಿನಲ್ಲಿ ಲೇನ್ ಹಿಡಿದುಕೊಂಡು ಹೋಗುವ, ತಾನೇ ಬ್ರೇಕ್ ಹಾಕುವ ಸೌಲಭ್ಯ ಇದ್ದರೆ ಹೌಸ್ ಡ್ರೈವರ್‌ಗಳು ಇದನ್ನು ನೆನಪಿಟ್ಟುಕೊಳ್ಳಬೇಕು. 'ಆಟೋಪೈಲಟ್' ಎಂದು ಹೆಸರಿದ್ದರೂ ಅಂಥ ಕಾರಿಗೆ ಚಾಲಕ ನೀವೇ. ಫೋನ್ ಹಿಡಿದು ಸಿಕ್ಕಿಬಿದ್ದರೆ 800 ದಿರ್ಹಮ್ ಮುಖಾಲಫಾ, 4 ಬ್ಲಾಕ್ ಪಾಯಿಂಟ್.

ಕೆಲಸದ ಪ್ರಶ್ನೆಗೆ ಬಂದರೆ, ಆತಂಕ ಇಲ್ಲಿಯದು ಮಾತ್ರ ಅಲ್ಲ. ಚೀನಾದ ವುಹಾನ್‌ನಲ್ಲಿ 2024ರಲ್ಲಿ ಟ್ಯಾಕ್ಸಿ ಕಂಪನಿಯೊಂದು ದೂರು ಕೊಟ್ಟಿತ್ತು. ಉದ್ಯೋಗ ಹೋಗುತ್ತದೆ ಎಂಬ ಕಾರಣಕ್ಕೇ ಭಾರತಕ್ಕೆ ಇಂಥ ಕಾರು ಬೇಡ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಹೇಳುತ್ತಾ ಬಂದಿದ್ದಾರೆ. ಆದರೆ ಎಲ್ಲ ಚಾಲಕರ ಕೆಲಸ ಒಂದೇ ಬಗೆಯದಲ್ಲ. ನಕ್ಷೆ ಪಕ್ಕಾ ಇರುವ, ಅಗಲ ರಸ್ತೆಯ, ಏರ್‌ಪೋರ್ಟ್, ಹೋಟೆಲ್, ಮಾಲ್ ನಡುವಿನ ಓಡಾಟ ಮೊದಲು ಯಂತ್ರದ ಕೈಗೆ ಹೋಗುತ್ತದೆ. ಮಕ್ಕಳನ್ನು ಶಾಲೆಯ ಗೇಟಿನವರೆಗೆ ಬಿಟ್ಟು, ಬರುವಾಗ ಸಾಮಾನು ತಂದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೌಸ್ ಡ್ರೈವರ್‌ನ ಕೆಲಸದಲ್ಲಿ ಸ್ಟೇರಿಂಗ್ ಒಂದು ಭಾಗ ಮಾತ್ರ. ಗ್ಯಾಸ್ ಸಿಲಿಂಡರ್ ಹೊತ್ತು ಮೇಲಿನ ಮಹಡಿಗೆ ಕೊಡುವವರ ಕಥೆಯೂ ಅಷ್ಟೇ.

ಈಗ ಕೆಲಸದಲ್ಲಿ ಇರುವವರನ್ನು ಒಂದೇ ದಿನ ಕಳಿಸಿಬಿಡುತ್ತಾರೆ ಎನ್ನುವುದಕ್ಕಿಂತ, ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ಕರೆಸದೇ ಇರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ಪೆಟ್ಟು ಮೊದಲು ಬೀಳುವುದು ಉಡುಪಿ, ಭಟ್ಕಳ, ಮಂಗಳೂರಿನಲ್ಲಿ ಕೂತು ಡ್ರೈವರ್ ವೀಸಾಕ್ಕಾಗಿ ಬಡ್ಡಿಗೆ ಸಾಲ ಹುಡುಕುತ್ತಿರುವ ಹುಡುಗರಿಗೆ. ಏಜೆಂಟ್ ಮುಂದೆ ಕೂತಾಗ ಸಂಬಳ ಎಷ್ಟು ಅಂತ ಕೇಳುವ ಮೊದಲು ಕೇಳಬೇಕಾದ್ದು ಬೇರೆ ಇದೆ: ಯಾವ ಗಾಡಿ, ಯಾವ ಊರು, ಲೈಸೆನ್ಸಿನ ಖರ್ಚು ಯಾರದ್ದು, ಅದು ಸಂಬಳದಲ್ಲಿ ಎಷ್ಟು ತಿಂಗಳು ಕಟ್ ಆಗುತ್ತದೆ.