ದಾದಿಯ ಸೇವೆಗೆ ಸಲ್ಲುವ ವಿಮೆಯ ಹಣ

ದಂಪತಿಗಳೇ, ವೈದ್ಯರಿಲ್ಲದ ಊರಿನಲ್ಲಿ ರೋಗವನ್ನು ಪರೀಕ್ಷಿಸಿ ಔಷಧಿ ಬರೆದುಕೊಡಬಲ್ಲ ದಾದಿಯೊಬ್ಬಳಿದ್ದರೆ ಎಷ್ಟು ಅನುಕೂಲವೆಂಬುದನ್ನು ನೀವು ಬಲ್ಲಿರಿ. ಅಮೆರಿಕದಲ್ಲಿ ಇಂತಹವರನ್ನು ನರ್ಸ್ ಪ್ರಾಕ್ಟೀಷನರ್ ಎನ್ನುವರು. ಇವರ ಶಿಕ್ಷಣವು 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅಲ್ಲಿನ ಹಲವು ರಾಜ್ಯಗಳಲ್ಲಿ ಇವರು ಸ್ವಂತ ಚಿಕಿತ್ಸಾಲಯವನ್ನೂ ನಡೆಸಬಹುದು.

ಮುಖ್ಯವಾಗಿ ವೃದ್ಧರಿಗಾಗಿ ಆ ಸರ್ಕಾರವು ನಡೆಸುವ ವಿಮೆಗೆ ಮೆಡಿಕೇರ್ ಎಂದು ಹೆಸರು. 1997ರ ಕಾಯಿದೆಯಂತೆ, ವೈದ್ಯರಿಗೆ 100 ಡಾಲರ್ ದರವಿರುವ ಸೇವೆಗೆ ಇವರ ದರ 85 ಡಾಲರ್ ಮಾತ್ರ. ಇವರೇ ವೈದ್ಯರ ಚಿಕಿತ್ಸಾಲಯದಲ್ಲಿ ಅವರ ಮೇಲ್ವಿಚಾರಣೆಗೊಳಪಟ್ಟು ದುಡಿದರೆ, ಕೆಲವು ನಿಬಂಧನೆಗಳ ಮೇರೆಗೆ, ವೈದ್ಯರ ಹೆಸರಿನಲ್ಲಿ ಪೂರ್ಣ ದರ ದೊರೆಯುತ್ತದೆ. ಸ್ವಂತವಾಗಿ ನಡೆಸುವವರಿಗಾದರೋ ಕಟ್ಟಡದ ಬಾಡಿಗೆಯಲ್ಲಾಗಲಿ ಸಿಬ್ಬಂದಿಯ ವೇತನದಲ್ಲಾಗಲಿ ರಿಯಾಯಿತಿಯಿಲ್ಲ. ಆದಾಯ ಸಾಲದೆ ಬಾಗಿಲು ಮುಚ್ಚಿದಲ್ಲಿ, ರೋಗಿಯು ದೂರದ ಊರಿಗೆ ಅಲೆಯಬೇಕಾಗುವುದು.

ಇಂತಹ ದರವನ್ನು ತಿದ್ದಲು ಸಾಧ್ಯವಿದೆ. ಹೆರಿಗೆಯಲ್ಲಿ ವಿಶೇಷ ತರಬೇತಿ ಪಡೆದ ಅಲ್ಲಿನ ದಾದಿಯರಿಗೆ ಮೊದಲು ಇದೇ ಲೆಕ್ಕದಲ್ಲಿ 65 ಸಲ್ಲುತ್ತಿದ್ದಿತು. 2011ರಿಂದ 100 ಸಲ್ಲುತ್ತಿದೆ.

ನಿಮ್ಮ ಉಪಕೇಂದ್ರದ ಆರೋಗ್ಯ ಸಹಾಯಕಿಯ ವೇತನವನ್ನು ಸರ್ಕಾರವೇ ಭರಿಸುತ್ತದೆ. ಗರ್ಭಿಣಿಯ ತಪಾಸಣೆಗೆ ನೀವು ಹಣ ತೆರಬೇಕಾಗಿಲ್ಲ. ಆದುದರಿಂದ ಸಂಕೋಚಪಡದೆ, ಮೊದಲ ಮೂರು ತಿಂಗಳೊಳಗೇ ಹೆಸರನ್ನು ನೋಂದಾಯಿಸಿರಿ.