ಗ್ರಹಣಕ್ಕೆ ಕಾಯದ ಕಣ್ಣುಗಳು

1980ರ ಫೆಬ್ರುವರಿ 16ರ ಮಧ್ಯಾಹ್ನ ಚಂದ್ರನ ನೆರಳು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಕದ ಹಾಕಿಕೊಂಡು ಒಳಗೆ ಕೂತವರೇ ಬಹಳ. ಹೊರಗೆ ನಿಂತು ನೋಡಿದವರಿಗೆ ಕಪ್ಪು ಬಿಂಬದ ಸುತ್ತ ಮುತ್ತಿನ ಬಣ್ಣದ ಪ್ರಭೆ ಕಂಡಿತು. ಅದೇ ಕರೋನಾ, ಸೂರ್ಯನ ಹೊರ ವಾತಾವರಣ. ನಮ್ಮ ಸೀಮೆಗೆ ಗ್ರಹಣದ ನಂಟು ಹಳೆಯದು. 1868ರ ಆಗಸ್ಟ್ 18ರ ಗ್ರಹಣದಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಮೋಡಗಳ ಸಂದಿನಿಂದಲೇ ಸೂರ್ಯನಂಚಿನ ಜ್ವಾಲೆಗಳನ್ನು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದಲ್ಲಿ ನೋಡಿದ್ದರು.

ಸೂರ್ಯನ ಮೇಲ್ಮೈ ತಾಪ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲಿರುವ ಕರೋನಾದ್ದು ಹತ್ತು ಲಕ್ಷಕ್ಕೂ ಮಿಕ್ಕಿದ್ದು! ಲೆಕ್ಕವಿಲ್ಲದಷ್ಟು ಕಿರುಸ್ಫೋಟಗಳು ಅದನ್ನು ಕಾಯಿಸುತ್ತಿರಬಹುದು ಎಂದು 1988ರಲ್ಲಿ ಭೌತವಿಜ್ಞಾನಿ ಯೂಜೀನ್ ಪಾರ್ಕರ್ ಊಹಿಸಿದರು. ವಾದ ಇನ್ನೂ ಮುಗಿದಿಲ್ಲ. ಇದರ ಸುಳಿವು ಎಕ್ಸ್-ರೇಯಲ್ಲಿ ಸಿಗುತ್ತದೆ. ಅಷ್ಟು ಕಾದ ಅನಿಲ ಎಕ್ಸ್-ರೇ ಸೂಸುತ್ತದೆ, ಮೇಲ್ಮೈ ಸೂಸುವುದಿಲ್ಲ. ಹಾಗಾಗಿ ಎಕ್ಸ್-ರೇ ಚಿತ್ರದಲ್ಲಿ ಬಿಂಬವೇ ಕಪ್ಪು, ಕರೋನಾ ಝಗಝಗ. ಚಂದ್ರ ಅಡ್ಡ ಬರಬೇಕಾಗಿಲ್ಲ.

ಆದರೆ ಈ ಕಿರಣಗಳನ್ನು ನಮ್ಮ ವಾತಾವರಣ ಮೇಲೆಯೇ ಹೀರಿಕೊಳ್ಳುತ್ತದೆ. ಅದಕ್ಕೇ ರಾಕೆಟ್ ಬೇಕು. 1949ರಲ್ಲಿ ಅಮೆರಿಕದ ಹರ್ಬರ್ಟ್ ಫ್ರೀಡ್‌ಮನ್ ವಿ-2 ರಾಕೆಟ್ಟಿನಲ್ಲಿ ಉಪಕರಣ ಕಳಿಸಿ ಸೂರ್ಯನ ಎಕ್ಸ್-ರೇ ಅಳೆದರು. ಇಂದಿಗೂ ಇಂಥ ರಾಕೆಟ್ಟಿಗೆ ಮೇಲೆ ದಕ್ಕುವುದು ಕೆಲವೇ ನಿಮಿಷ. 2024ರ ಏಪ್ರಿಲ್ 17ರಂದು ಅಲಾಸ್ಕಾದಲ್ಲಿ ಸೂರ್ಯನ ಎಕ್ಸ್-ರೇ ಚಿತ್ರ ತೆಗೆಯುವ ಫಾಕ್ಸಿ-4 ತಂಡ ಸೌರಜ್ವಾಲೆ, ಅಂದರೆ ಸೂರ್ಯನ ಮೇಲಿನ ಹಠಾತ್ ಸ್ಫೋಟ, ಏಳುವುದನ್ನೇ ಕಾದಿದ್ದು ರಾಕೆಟ್ ಹಾರಿಸಿತು. ಅದರಲ್ಲಿದ್ದ ದೂರದರ್ಶಕದ ಕನ್ನಡಿಗೆ ಎಕ್ಸ್-ರೇ ನೇರ ಬಡಿದರೆ ಒಳಹೊಕ್ಕು ಕಳೆದುಹೋಗುತ್ತದೆ. ಕೆರೆಯ ಮೇಲೆ ಓರೆಯಾಗಿ ಬೀಸಿದ ಬಿಲ್ಲೆಕಲ್ಲಿನ ಹಾಗೆ ಸವರಿದರೆ ಮಾತ್ರ ಪುಟಿಯುತ್ತದೆ.

ನಿಮಿಷಗಳ ಈ ಕೊರತೆಯನ್ನು ನೀಗಿಸಿದ್ದರಲ್ಲಿ ಬೆಂಗಳೂರಿನ ಪಾಲೂ ಇದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಇಸ್ರೊದ ನೌಕೆ ಆದಿತ್ಯ-ಎಲ್1 ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಿಂದ ಸೂರ್ಯನನ್ನು ನೋಡುತ್ತಿದೆ. ಅದರ ಎರಡು ಎಕ್ಸ್-ರೇ ಉಪಕರಣಗಳಾದ ಸೊಲೆಕ್ಸ್, ಹೆಲಿಯೋಸ್ ಎರಡೂ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲೇ ಸಿದ್ಧವಾದವು. ಸೊಲೆಕ್ಸ್‌ನ ಜಾಣತನ ನನಗೆ ಬಹಳ ಹಿಡಿಸಿದೆ. ಅದಕ್ಕಿರುವುದು ಎರಡು ಕಿಂಡಿ. ಸೂರ್ಯ ಶಾಂತನಾಗಿದ್ದಾಗ ದೊಡ್ಡದರಲ್ಲಿ ನೋಟ. ಜ್ವಾಲೆ ಭುಗಿಲೆದ್ದು ಎಕ್ಸ್-ರೇ ನೂರಾರು ಪಟ್ಟು ಏರಿದಾಗ ಅತಿ ಸಣ್ಣದರಲ್ಲಿ.

ಈ ಮಾಹಿತಿಯೆಲ್ಲ ಬ್ಯಾಲಾಳಿನ ಇಸ್ರೊ ದತ್ತಾಂಶ ಕೇಂದ್ರದ ಮೂಲಕ ಸಾರ್ವಜನಿಕರಿಗೆ ಮುಕ್ತ. ರಾಷ್ಟ್ರಧ್ವಜದ ಖಾದಿ ನೇಯುವ ಗರಗದಿಂದ ಬಸ್ಸು ಹತ್ತಿ ಧಾರವಾಡದ ಕಾಲೇಜಿಗೆ ಬರುವ ಬಿ.ಎಸ್ಸಿ. ಹುಡುಗಿ ಒಂದು ಸೌರಜ್ವಾಲೆಯ ತಾಪವನ್ನು ತಾನೇ ಲೆಕ್ಕ ಹಾಕಬಹುದು. ನಮ್ಮ ಭೌತವಿಜ್ಞಾನದ ಮೇಷ್ಟ್ರುಗಳು ಈ ವರ್ಷವೇ ಅದನ್ನು ಪ್ರಾಜೆಕ್ಟ್ ಆಗಿ ಕೊಡಲಿ.