ಹೊಲದಡಿಯಲ್ಲಿ ಹರಿಯುವ ಎಣ್ಣೆ

ಅಬಲೂರಿನ ಸೋಮೇಶ್ವರ ದೇವಾಲಯದ ಶಾಸನವು ಏಕಾಂತದ ರಾಮಯ್ಯನವರ ವೃತ್ತಾಂತಕ್ಕಾಗಿ ಪ್ರಸಿದ್ಧವಾಗಿದೆ. ಆದರೆ ಅದೇ ಕಲ್ಲಿನ ಮೇಲೆ, ಆ ದೇವರಿಗೆ ಅರಸರು ಬಿಟ್ಟುಕೊಟ್ಟ ಊರುಗಳ ವಿವರವೂ ಇದೆಯೆಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಭೂಮಿಯ ಹಕ್ಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗ ಅದನ್ನು ಕಲ್ಲಿನಲ್ಲಿ ಕೊರೆಸಿ, ಹೋಗಿಬರುವವರ ಕಣ್ಣಿಗೆ ಬೀಳುವಂತೆ ಊರೊಳಗೆ ನಿಲ್ಲಿಸುವುದು ನಮ್ಮ ನಾಡಿನ ಹಳೆಯ ಪದ್ಧತಿ. ಇಂದು ಆ ಕೆಲಸವನ್ನು ದಿಲ್ಲಿಯಲ್ಲಿ ಪ್ರಕಟವಾಗುವ ಭಾರತದ ರಾಜಪತ್ರವು ಮಾಡುತ್ತದೆ. ಓದು ಬಾರದ ಒಕ್ಕಲಿಗನಿಗೂ ಊರ ಕಲ್ಲು ಎಲ್ಲಿದೆಯೆಂದು ಗೊತ್ತಿತ್ತು. ರಾಜಪತ್ರವಾದರೋ ಓದು ಬಲ್ಲವರ ಮನೆಗೂ ಬರುವುದಿಲ್ಲ.

ಈ ವ್ಯತ್ಯಾಸವು ನನ್ನ ಮನಸ್ಸಿಗೆ ತಟ್ಟಿದ್ದು ಎಣ್ಣೆ ಮತ್ತು ಅನಿಲದ ಕೊಳವೆಗಳ ವಿಚಾರದಲ್ಲಿ. ಕೆಲವು ವರ್ಷಗಳ ಹಿಂದೆ ಧಾರವಾಡ ಕಡೆಯ ಭಕ್ತರೊಬ್ಬರು ತಮ್ಮ ಜಮೀನಿಗೆ ಬಂದ ನೋಟೀಸೊಂದನ್ನು ತಂದು ನನ್ನ ಮುಂದಿಟ್ಟರು. "ಹೊಲ ನಿಮ್ಮ ಹೆಸರಿನಾಗs ಇರತೈತಿ ಅಂತಾರ್ರಿ, ಆದರ ಗಿಡ ಹಚ್ಚಬ್ಯಾಡ, ಬಾವಿ ತೋಡಬ್ಯಾಡ ಅಂತಾರ. ಇದೆಂಥಾ ಲೆಕ್ಕರಿ ಶಾಸ್ತ್ರಿಗಳ?" ಎಂದು ಕೇಳಿದರು. ಹಳಗನ್ನಡದ ಕಲ್ಲುಗಳನ್ನು ಓದಿ ಅಭ್ಯಾಸವಿದ್ದ ನನಗೆ ಆ ಕಾಗದದ ಭಾಷೆ ಅದಕ್ಕಿಂತ ಕಠಿಣವಾಗಿ ತೋರಿತು. ಆದರೂ ಕೇಳಿದವರಿಗೆ ಉತ್ತರ ಹೇಳಬೇಕಾಗಿದ್ದುದರಿಂದ ಕಾನೂನನ್ನು ತರಿಸಿ ಓದಿದೆ.

ಆ ಕಾನೂನು ೧೯೬೨ರಷ್ಟು ಹಳೆಯದು. ಪೆಟ್ರೋಲಿಯಂ ಮತ್ತು ಖನಿಜಗಳ ಕೊಳವೆಮಾರ್ಗಗಳಿಗೆ ಸಂಬಂಧಿಸಿದ ಆ ಅಧಿನಿಯಮದ ಪ್ರಕಾರ ಸರ್ಕಾರವು ಭೂಮಿಯನ್ನು ಕೊಳ್ಳುವುದಿಲ್ಲ, ಭೂಮಿಯ "ಬಳಕೆಯ ಹಕ್ಕ"ನ್ನು ಮಾತ್ರ ಪಡೆಯುತ್ತದೆ. ಉತಾರದಲ್ಲಿ ಒಡೆಯನ ಹೆಸರು ಹಾಗೆಯೇ ಉಳಿಯುತ್ತದೆ. ಕೊಳವೆ ಹೂಳಿದ ಮೇಲೆ ಅವನು ಮೊದಲಿನಂತೆ ಉತ್ತು ಬಿತ್ತಬಹುದು. ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟಬಾರದು, ಕೆರೆ, ಬಾವಿ, ಒಡ್ಡುಗಳನ್ನು ಮಾಡಬಾರದು, ಮರ ನೆಡಬಾರದು. ಇದಕ್ಕೆ ಪ್ರತಿಯಾಗಿ ಅವನಿಗೆ ಸಿಗುವುದು ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇಕಡಾ ೧೦. ಕೆಲಸದ ಕಾಲದಲ್ಲಿ ಹಾಳಾದ ಬೆಳೆ, ಕಡಿದ ಮರ ಮುಂತಾದುವಕ್ಕೆ ಪ್ರತ್ಯೇಕ ಪರಿಹಾರವುಂಟು.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಪಟ್ಟಿಯ ಅಗಲ ೨೦ ಮೀಟರ್, ಹೊಲದಲ್ಲಿ ಅದರ ಉದ್ದ ೧೦೦ ಮೀಟರ್ ಎಂದಿಟ್ಟುಕೊಳ್ಳೋಣ. ಅದು ಹೆಚ್ಚುಕಡಿಮೆ ೨೦ ಗುಂಟೆಯಾಯಿತು. ಎಕರೆಗೆ ೧೦ ಲಕ್ಷ ರೂಪಾಯಿ ಬೆಲೆಯಿದ್ದರೆ ಆ ಅರ್ಧ ಎಕರೆಗೆ ೫ ಲಕ್ಷ, ಅದರಲ್ಲಿ ಹತ್ತನೆಯ ಒಂದು ಭಾಗವೆಂದರೆ ೫೦ ಸಾವಿರ. ಎರಡೇ ಎಕರೆಯ ಒಕ್ಕಲುತನದಲ್ಲಿ ಕಾಲು ಪಾಲು ಭೂಮಿಯಲ್ಲಿ ಇನ್ನೆಂದಿಗೂ ಅಡಿಕೆ, ಮಾವು ಹಚ್ಚುವಂತಿಲ್ಲ, ಕೃಷಿಹೊಂಡ ತೋಡುವಂತಿಲ್ಲ. ಗೋವಿನಜೋಳ, ಹತ್ತಿ ಬೆಳೆಯುವವನಿಗೆ ಇದು ಇಂದು ದೊಡ್ಡ ಅಡಚಣೆಯಾಗಿ ತೋರದಿರಬಹುದು. ಆದರೆ ಮುಂದೆ ಅವನ ಮಗ ತೋಟ ಮಾಡುವೆನೆಂದರೆ, ಅಥವಾ ಅಣ್ಣತಮ್ಮಂದಿರು ಪಾಲಾಗಿ ಒಬ್ಬನ ಪಾಲಿಗೆ ಆ ಪಟ್ಟಿಯೇ ಬಂದರೆ, ಆಗ ಆ ೫೦ ಸಾವಿರವು ಎಲ್ಲಿರುತ್ತದೆ?

ಕರ್ನಾಟಕದಲ್ಲಿ ಇಂತಹ ಕೊಳವೆಗಳು ಅನೇಕ. ಮಂಗಳೂರಿನ ಶುದ್ಧೀಕರಣಾಗಾರದಿಂದ ಹಾಸನದ ಮಾರ್ಗವಾಗಿ ಬೆಂಗಳೂರಿನ ಸಮೀಪದ ದೇವನಗೊಂತಿಗೆ ಪೆಟ್ರೋಲು, ಡೀಸೆಲ್ ಮುಂತಾದುವನ್ನು ಒಯ್ಯುವ ಸುಮಾರು ೩೬೦ ಕಿಲೋಮೀಟರ್ ಉದ್ದದ ಕೊಳವೆಯು ೨೦೦೩ರಲ್ಲಿ ಕಾರ್ಯಾರಂಭ ಮಾಡಿತು. ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ ಎಣ್ಣೆಯನ್ನು ಘಟ್ಟಕ್ಕೆ ಏರಿಸುವ ಪಂಪುಗಳಿವೆ. ಘಟ್ಟದ ನಿತ್ಯಹರಿದ್ವರ್ಣದ ಕಾಡನ್ನು ಸೀಳಿ ಈ ಮಾರ್ಗವನ್ನು ಒಯ್ಯುವುದಕ್ಕೆ ಅಂದು ಪರಿಸರವಾದಿಗಳು ಆಕ್ಷೇಪವೆತ್ತಿದ್ದರು. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆಯನ್ನು ಕೊರೆದು ೨೫ ಲಕ್ಷ ಟನ್ ಕಚ್ಚಾ ಎಣ್ಣೆಯನ್ನು ಸಂಗ್ರಹಿಸುವ ಗವಿಗಳಿವೆ. ಅಲ್ಲಿಗೂ ಮಂಗಳೂರಿನಿಂದ ಎಣ್ಣೆ ಹೋಗುವುದು ಕೊಳವೆಯಲ್ಲಿಯೇ. ನಮಗೆ ಹತ್ತಿರವಾದದ್ದು ಗೇಲ್ ಸಂಸ್ಥೆಯ ದಾಭೋಳ–ಬೆಂಗಳೂರು ಅನಿಲ ಕೊಳವೆ. ಸುಮಾರು ಸಾವಿರ ಕಿಲೋಮೀಟರ್ ಉದ್ದದ ಅದು ೨೦೧೩ರಲ್ಲಿ ಆರಂಭವಾಯಿತು. ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಹೊಲಗಳಡಿಯಲ್ಲಿ ಅದು ಹಾದುಹೋಗಿದೆ. ನಮ್ಮ ಹಾವೇರಿ ಸೀಮೆಯ ಎಷ್ಟೋ ಮನೆಗಳ ಬೀಗತನ ಆ ಊರುಗಳಲ್ಲಿದೆ.

ಹಾಗಾದರೆ ಅಪಾಯವೆಷ್ಟು? ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ೨೦೧೩ರ ಏಪ್ರಿಲ್‌ನಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿಕೊಂಡು, ರಸ್ತೆಬದಿಯ ಮನೆಗಳಲ್ಲಿದ್ದವರೂ ಸುಟ್ಟು ಸತ್ತರು. ಅದಕ್ಕೆ ಹಿಂದಿನ ವರ್ಷ ಕಣ್ಣೂರಿನ ಚಾಲದಲ್ಲಿಯೂ ಇದೇ ದುರಂತ ನಡೆದಿತ್ತು. ಘಟ್ಟದ ತಿರುವುಗಳಲ್ಲಿ ಹಗಲಿರುಳು ಸಾಲುಗಟ್ಟಿ ಹೋಗುವ ಟ್ಯಾಂಕರುಗಳಿಗಿಂತ ನೆಲದಡಿಯ ಕೊಳವೆ ಸುರಕ್ಷಿತವೆಂದು ತಜ್ಞರು ಹೇಳುವುದರಲ್ಲಿ ಸತ್ಯವಿದೆ. ಉಕ್ಕಿನ ಕೊಳವೆಗೆ ತುಕ್ಕು ಹಿಡಿಯದಂತೆ ಮೇಲ್ಲೇಪ ಹಚ್ಚುತ್ತಾರೆ, ಅಲ್ಪ ವಿದ್ಯುತ್ತನ್ನು ಹಾಯಿಸಿ ಕಾಯುತ್ತಾರೆ, ಒಳಗೆ ಯಂತ್ರವನ್ನು ಓಡಿಸಿ ಗೋಡೆ ಎಲ್ಲಿ ಸವೆದಿದೆಯೆಂದು ಪರೀಕ್ಷಿಸುತ್ತಾರೆ. ಒತ್ತಡ ಥಟ್ಟನೆ ಕುಸಿದರೆ ದೂರದ ನಿಯಂತ್ರಣ ಕೊಠಡಿಗೆ ತಿಳಿಯುತ್ತದೆ. ಕೊಳವೆಯೇ ಬೇಡವೆಂದು ವಾದಿಸುವವರು ಪೆರ್ನೆಯ ಜನರಿಗೂ ಉತ್ತರ ಹೇಳಬೇಕಾಗುತ್ತದೆ.

ಆದರೆ ಥಟ್ಟನೆ ಕುಸಿಯದ ಒತ್ತಡದ ಗತಿಯೇನು? ಸೂಜಿಯ ಮೊನೆಯಷ್ಟು ರಂಧ್ರದಿಂದ ತಿಂಗಳುಗಟ್ಟಲೆ ಜಿನುಗುವ ಎಣ್ಣೆಯನ್ನು ನಿಯಂತ್ರಣ ಕೊಠಡಿಯ ಯಂತ್ರಗಳು ಗುರುತಿಸುವುದು ಕಷ್ಟ. ೨೦೧೩ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ ಜನರ ಕೊಳವೆಬಾವಿಗಳ ನೀರಿನಲ್ಲಿ ಎಣ್ಣೆಯ ವಾಸನೆ ಬಂದಾಗಲೇ, ಬಂದರಿನಿಂದ ಭಾರತ್ ಪೆಟ್ರೋಲಿಯಂ ಸಂಗ್ರಹಾಗಾರಕ್ಕೆ ಹೋಗುವ ಕೊಳವೆ ಸೋರುತ್ತಿದೆಯೆಂಬುದು ಬೆಳಕಿಗೆ ಬಂದದ್ದು. ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಹೋಯಿತು. ಅಂತರ್ಜಲದ ಶುದ್ಧೀಕರಣವು ವರ್ಷಗಳ ಕೆಲಸವಾಯಿತು. ಎಣ್ಣೆ ನೀರಿಗಿಂತ ಹಗುರವಾದುದರಿಂದ ಅಂತರ್ಜಲದ ಮೇಲೆ ತೇಲುತ್ತ ಹರಡುತ್ತದೆ, ಮಣ್ಣಿನ ಕಣಕಣಕ್ಕೂ ಅಂಟಿಕೊಳ್ಳುತ್ತದೆ. ಸೋರಿಕೆಯನ್ನು ಒಂದು ದಿನದಲ್ಲಿ ನಿಲ್ಲಿಸಬಹುದು, ಸೋರಿದ್ದನ್ನು ಹಿಂದಕ್ಕೆ ತೆಗೆಯುವುದು ಅಷ್ಟು ಬೇಗ ಆಗುವುದಿಲ್ಲ. ಕುಮುದ್ವತಿಯ ದಡದಲ್ಲಿ ಬಾವಿಯನ್ನೇ ನಂಬಿದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನಿಲದ ಕಥೆ ಬೇರೆ. ೨೦೧೪ರ ಜೂನ್ ೨೭ರ ನಸುಕಿನಲ್ಲಿ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಗೇಲ್‌ನ ಅನಿಲ ಕೊಳವೆ ಒಡೆದು, ಹರಡಿದ ಅನಿಲಕ್ಕೆ ಬೆಂಕಿ ತಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ತೆಂಗಿನ ತೋಟಗಳು ಕರಕಲಾದವು. ಒಣ ಅನಿಲಕ್ಕಾಗಿ ಇದ್ದ ಕೊಳವೆಯಲ್ಲಿ ನೀರಿನಂಶವಿದ್ದ ಅನಿಲವನ್ನು ಹಾಯಿಸಿದ್ದರಿಂದ ಅದು ಒಳಗಿನಿಂದ ತುಕ್ಕು ಹಿಡಿದಿತ್ತೆಂದು ತನಿಖೆ ಹೇಳಿತು. ಅದಕ್ಕೂ ಮೊದಲೇ ಸೋರಿಕೆಯ ಬಗ್ಗೆ ದೂರಿದ್ದೆವೆಂದು ಊರವರು ಹೇಳಿದರು. ನನ್ನ ಮಟ್ಟಿಗೆ ಇಡೀ ದುರಂತದಲ್ಲಿ ಅತ್ಯಂತ ಕಟುವಾದ ಭಾಗ ಇದೇ. ತಮ್ಮ ಮನೆಯ ಬಳಿ ಏನಾಗುತ್ತಿದೆಯೆಂದು ಆ ಜನಕ್ಕೆ ಗೊತ್ತಿತ್ತು, ಅವರ ಮಾತಿಗೆ ಬೆಲೆಯಿರಲಿಲ್ಲ.

ಮನುಷ್ಯನ ಲೋಭವೂ ಒಂದು ಅಪಾಯವೇ. ೨೦೨೧ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಮಂಗಳೂರು–ಬೆಂಗಳೂರು ಕೊಳವೆಗೆ ರಂಧ್ರ ಕೊರೆದು ಡೀಸೆಲ್ ಕದಿಯುತ್ತಿದ್ದುದು ಬಯಲಾಯಿತು. ಕೆರೆಯ ಹೂಳೆತ್ತುವ ಜೆಸಿಬಿಯ ಹಲ್ಲು ತಾಗಿದರೂ ಸಾಕು.

ಜನರ ಚರ್ಚೆಯಿಂದ ಏನಾದರೂ ಆಗುತ್ತದೆಯೇ ಎಂದು ಕೇಳುವವರುಂಟು. ಕೊಚ್ಚಿಯಿಂದ ಮಂಗಳೂರಿಗೂ ಬೆಂಗಳೂರಿಗೂ ಬರಬೇಕಿದ್ದ ಅನಿಲ ಕೊಳವೆಯ ಇತಿಹಾಸದಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ತಮಿಳುನಾಡಿನ ಏಳು ಪಶ್ಚಿಮ ಜಿಲ್ಲೆಗಳ ರೈತರು, ಕೊಳವೆಯನ್ನು ಹೊಲಗಳ ಬದಲು ಹೆದ್ದಾರಿಯ ಅಂಚಿನಲ್ಲಿ ಒಯ್ಯಿರೆಂದು ಹಟ ಹಿಡಿದರು. ಅಲ್ಲಿಯ ಸರ್ಕಾರವೂ ೨೦೧೩ರಲ್ಲಿ ಅವರ ಪರವಾಗಿ ನಿಂತಿತು. ಆದರೆ ೨೦೧೬ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸಂಸ್ಥೆಯ ಪಕ್ಷವನ್ನೇ ಎತ್ತಿಹಿಡಿಯಿತು. ಕೇರಳದಲ್ಲಿ ೨೦೧೭ರಲ್ಲಿ ಕೋಳಿಕ್ಕೋಡಿನ ಮುಕ್ಕಂ ಬಳಿ ಪ್ರತಿಭಟನೆ ಉಗ್ರವಾಯಿತು. ಅಲ್ಲಿ ಮಾರ್ಗ ಬದಲಾಗಲಿಲ್ಲ, ಆದರೆ ಪರಿಹಾರ ಹೆಚ್ಚಿತು, ಹತ್ತು ಸೆಂಟಿಗಿಂತ ಕಡಿಮೆ ಭೂಮಿಯುಳ್ಳ ಬಡವರಿಗೆ ವಿಶೇಷ ನೆರವು ದೊರೆಯಿತು. ಕಾಸರಗೋಡಿನ ಚಂದ್ರಗಿರಿ ಹೊಳೆಯ ಅಡಿಯಲ್ಲಿ ಕೊಳವೆ ದಾಟಿಸುವುದೂ ತಡವಾಗಿ, ಕೊನೆಗೆ ೨೦೨೧ರ ಜನವರಿ ೫ರಂದು ಆ ಮಾರ್ಗವು ಮಂಗಳೂರಿನವರೆಗೆ ಉದ್ಘಾಟನೆಯಾಯಿತು. ನ್ಯಾಯಾಲಯದ ಮೆಟ್ಟಿಲಲ್ಲಿ ಸೋತವರಿಗಿಂತ, ಕೆಲಸ ಮುಗಿಯುವ ಮೊದಲೇ ಸರ್ಕಾರವನ್ನು ಮಾತುಕತೆಗೆ ಕೂರಿಸಿದವರಿಗೆ ಹೆಚ್ಚು ಸಿಕ್ಕಿತೆಂಬುದು ನನ್ನ ಎಣಿಕೆ.

ಆದರೆ ಆ ಮಾತಿಗೆ ಕಾನೂನು ಕೊಡುವ ಅವಕಾಶ ಬಹಳ ಕಿರಿದು. ೧೯೯೪ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಶುದ್ಧೀಕರಣಾಗಾರಗಳ ಜೊತೆಗೆ ಕಚ್ಚಾ ಎಣ್ಣೆ ಮತ್ತು ಅದರ ಉತ್ಪನ್ನಗಳ ಕೊಳವೆಗಳೂ ಸೇರಿದ್ದವು. ೨೦೦೬ರಲ್ಲಿ ಹೊಸ ಅಧಿಸೂಚನೆ ಬಂದಾಗ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹವಳದ ದಿಬ್ಬ, ಪರಿಸರಸೂಕ್ಷ್ಮ ಪ್ರದೇಶಗಳ ಮೂಲಕ ಹೋಗುವ ಕೊಳವೆಗಳಿಗೆ ಮಾತ್ರ ಪೂರ್ವಾನುಮತಿಯ ನಿಯಮ ಉಳಿಯಿತು. ಹುಲಿ, ಕಾಟಿಗಳಿರುವಲ್ಲಿ ವಿಚಾರಣೆ ಬೇಕು, ಎತ್ತು, ಎಮ್ಮೆ, ಮಕ್ಕಳಿರುವಲ್ಲಿ ಬೇಡ ಎಂಬಂತಾಯಿತು. ಕಾಡಿಗೆ ಆ ರಕ್ಷಣೆ ಬೇಡವೆಂದು ನಾನು ಹೇಳುತ್ತಿಲ್ಲ. ಊರಿಗೂ ಒಂದು ಸಾರ್ವಜನಿಕ ಆಲಿಕೆಯ ಸಭೆ ಇರಲಿ, ಅದು ಗ್ರಾಮ ಪಂಚಾಯತಿಯ ಕಟ್ಟೆಯ ಮೇಲೆ ಕನ್ನಡದಲ್ಲಿ ನಡೆಯಲಿ ಎಂಬುದಷ್ಟೇ ನನ್ನ ವಾದ.

ಸದ್ಯಕ್ಕೆ ಹೊಲದವನಿಗಿರುವುದು ೨೧ ದಿನ. ಅಧಿಸೂಚನೆ ಪ್ರಕಟವಾದ ಮೇಲೆ ಆ ಅವಧಿಯೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಕೊಡಬಹುದು. ತಾನೇ ಹೋಗಿಯಾಗಲಿ ವಕೀಲರ ಮೂಲಕವಾಗಲಿ ಅಹವಾಲು ಹೇಳಿಕೊಳ್ಳುವ ಹಕ್ಕೂ ಇದೆ. ವಾಸದ ಮನೆಯಿರುವ ಜಾಗ, ಅದಕ್ಕೆ ಸೇರಿದ ಹಿತ್ತಲು, ಮೊದಲಿನಿಂದ ಇರುವ ಶಾಶ್ವತ ಕಟ್ಟಡ, ಇವುಗಳ ಅಡಿಯಲ್ಲಿ ಕೊಳವೆ ಹಾಕುವಂತಿಲ್ಲವೆಂದು ಅದೇ ಕಾನೂನು ಹೇಳುತ್ತದೆ. ನೆಲಮಟ್ಟದಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿಯೂ ಹಾಕುವಂತಿಲ್ಲ. ಆದಕಾರಣ ನೋಟೀಸು ಬಂದ ದಿನವೇ ಸರ್ವೆ ನಂಬರನ್ನು ಉತಾರದೊಂದಿಗೆ ತಾಳೆ ನೋಡಬೇಕು. ಬಾವಿ, ಕೊಳವೆಬಾವಿ, ಮರ, ಮನೆ ಎಲ್ಲಿವೆಯೆಂದು ನಕ್ಷೆ ಬರೆದು, ಫೋಟೋ ತೆಗೆಸಿಟ್ಟುಕೊಳ್ಳಬೇಕು. ಬಾವಿಯ ನೀರನ್ನು ಕಾಮಗಾರಿಗೆ ಮೊದಲೇ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿಯನ್ನು ಕಾಯ್ದಿಡಬೇಕು. ನಾಳೆ ನೀರು ಕೆಟ್ಟರೆ ಮೊದಲು ಚೆನ್ನಾಗಿತ್ತೆಂದು ಸಾಧಿಸಲು ಬೇರೆ ದಾರಿಯಿಲ್ಲ. ತಗ್ಗು ತೋಡುವಾಗ ಮೇಲಿನ ಫಲವತ್ತಾದ ಎರೆಮಣ್ಣನ್ನು ಬೇರೆ ಒಟ್ಟಿ, ಕೊನೆಗೆ ಮೇಲೆಯೇ ಹರಡಬೇಕೆಂದು ಬರೆಯಿಸಿಕೊಳ್ಳಬೇಕು. ಅಡಿಯ ಗರಸು ಮೇಲೆ ಬಂದರೆ ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಬೆಳೆ ಕುಂಠಿತವಾಗುತ್ತದೆ. ಪರಿಹಾರ ಸಾಲದೆಂದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಈಗಾಗಲೇ ಕೊಳವೆ ಇರುವ ಊರುಗಳ ಮನೆಯವರಿಗೆ, ಅದರಲ್ಲೂ ತಾಯಂದಿರಿಗೆ ಒಂದೆರಡು ಮಾತು. ಅಡುಗೆ ಅನಿಲಕ್ಕೆ ಬೆರೆಸಿದ ವಾಸನೆಯಿರುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ತಗ್ಗಿನಲ್ಲಿ, ಬಾವಿಯಲ್ಲಿ, ಹಗೇವಿನಲ್ಲಿ ನಿಲ್ಲುತ್ತದೆ. ನೈಸರ್ಗಿಕ ಅನಿಲ ಹಗುರ, ಅದಕ್ಕೆ ತನ್ನದೇ ಆದ ವಾಸನೆಯಿಲ್ಲ. ಆದುದರಿಂದ ಮೂಗನ್ನು ಮಾತ್ರ ನಂಬಬಾರದು. ಕೊಳವೆಯ ಪಟ್ಟಿಯುದ್ದಕ್ಕೂ ಬೆಳೆ ಕಾರಣವಿಲ್ಲದೆ ಹಳದಿಯಾಗುವುದು, ತುಂಬಿದ ಗದ್ದೆಯಲ್ಲಿ ಗುಳ್ಳೆ ಏಳುವುದು, ನೆಲದಿಂದ ಬುಸುಗುಟ್ಟುವ ಸದ್ದು, ಬಾವಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ, ಇವುಗಳಲ್ಲಿ ಯಾವುದು ಕಂಡರೂ ಆ ಸುತ್ತಿನಲ್ಲಿ ಒಲೆ ಹಚ್ಚಬಾರದು, ಬೀಡಿ ಸೇದಬಾರದು, ಪಂಪಿನ ಗುಂಡಿಯನ್ನು ಒತ್ತಬಾರದು. ದನಕರುಗಳೊಂದಿಗೆ ದೂರ ಸರಿದು ಆಮೇಲೆ ದೂರವಾಣಿ ಮಾಡಬೇಕು. ಕೊಳವೆಮಾರ್ಗದಲ್ಲಿ ಅಲ್ಲಲ್ಲಿ ನೆಟ್ಟಿರುವ ಫಲಕಗಳ ಮೇಲೆ ತುರ್ತು ದೂರವಾಣಿಯ ಸಂಖ್ಯೆ ಬರೆದಿರುತ್ತದೆ. ಆ ಸಂಖ್ಯೆಯನ್ನು ಮನೆಯ ಪಡಸಾಲೆಯ ಗೋಡೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆದಿಡಿರಿ. ಕರೆ ಮಾಡಿದ ದಿನ, ಹೊತ್ತು, ಅತ್ತ ಕಡೆ ಮಾತನಾಡಿದವರ ಹೆಸರು ಇವನ್ನೂ ಒಂದು ವಹಿಯಲ್ಲಿ ಗುರುತು ಮಾಡಿಕೊಳ್ಳಿರಿ.